ಬುಡ ಮೇಲಾದ ಕಂಬ

ದೀಪ ಸ್ವಲ್ಪ ಸಣ್ಣ ಮಾಡು... ಹ್ಞಾಂ, ಸಾಕು. ಇದು ಕಟ್ಟುಕತೆ ಅಲ್ಲ, ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ನಾವಿಬ್ಬರೂ ಬಡಗಿಗಳು, ಒಬ್ಬರೇ ಮೇಸ್ತ್ರಿ ಹತ್ತಿರ ಕೆಲಸ ಕಲಿತವರು.

ಅವತ್ತು ಅಣ್ಣ ಮನೆಗೆ ಹೊರಟಾಗ ತುಂಬಾ ತಡವಾಗಿತ್ತು. ಬಾವಿ ದಾಟಿದ. ಹೊಸ ಬುದ್ಧಮಂದಿರದ ಒಳಗಿಂದ ಸದ್ದು... ಕಿರ್ರ್ರ್... ಆಮೇಲೆ ಟಕ್, ಟಕ್. ಉಳಿ ಮೇಲೆ ಕೊಡತಿ ಬಿದ್ದ ಹಾಗೆ. ಬಾಗಿಲಿಗೆ ಹೊರಗಿಂದ ಬೀಗ. ಕೀಲಿ ಅವನ ಜೇಬಲ್ಲೇ ಇತ್ತು.

ತಡಿ, ಆ ಮಂದಿರದ ವಿಷಯ ಹೇಳಿಬಿಡ್ತೀನಿ. ಒಂದು ಮೊಳೆ ಇಲ್ಲ, ಎಲ್ಲಾ ಮರಕ್ಕೆ ಮರ ಕೂಡಿಸಿ ಕಟ್ಟಿದ್ದು. ಕಂಬ ನಿಲ್ಲಿಸುವಾಗ ಮರದ ಬುಡ ಕೆಳಗೇ ಇರಬೇಕು. ತಲೆಕೆಳಗಾದ್ರೆ ಕಂಬ ರಾತ್ರಿ ನರಳುತ್ತೆ ಅಂತಾರೆ ನಮ್ಮವರು. ಅದಕ್ಕೇ ಮೇಸ್ತ್ರಿ ಬುಡದ ಕಡೆ ಮಸಿಯಲ್ಲಿ ಮೂರು ಗೆರೆ ಎಳೀತಿದ್ರು. ಅಣ್ಣ ಹತ್ತರಿ ಹೊಡೆದು ಮರ ನಯ ಮಾಡುವಾಗ ಒಂದು ಕಂಬದ ಗೆರೆ ಅಳಿಸಿಹೋಯ್ತು. ಮೇಸ್ತ್ರಿನ ಹೋಗಿ ಕೇಳೋಕೆ ಜಂಬ ನೋಡು! ಅಂದಾಜಿನ ಮೇಲೆ ನಿಲ್ಲಿಸಿದ.

ಚಾವಣಿ ಏರಿದ ಮೇಲೆ ಹಿರಿಯ ಭಿಕ್ಷು ನೋಡಿದ್ರು. ಮರದ ಗಂಟೆಲ್ಲ ಕೆಳಮುಖ, ಅಂದ್ರೆ ಕಂಬ ತಲೆಕೆಳಗು. "ಯಾರ ಕೆಲಸ ಇದು?"

ಅಣ್ಣ ಅಂದ, "ಮೇಸ್ತ್ರಿ ದಕ್ಷಿಣದವರಲ್ವಾ ಸ್ವಾಮಿ. ಅವರ ಕಡೆ ಸೂರಿನ ಮೂಲೇನ ಆಕಾಶಕ್ಕೆ ಎತ್ತಿ ಬಾಗಿಸ್ತಾರೆ, ನಮ್ಮ ಹಾಗೆ ತಗ್ಗಿಸಿ ಇಡಲ್ಲ. ಕಂಬದ ಗುರುತನ್ನೂ ಅವರ ಪದ್ಧತೀಲಿ ತಲೆ ಕಡೆ ಹಾಕಿರಬೇಕು."

"ಬುಡಕ್ಕೇ ಹಾಕಿದ್ದೆ ಕಣಪ್ಪಾ..." ಅಂದ್ರು ಮೇಸ್ತ್ರಿ. ಯಾರು ಕೇಳ್ತಾರೆ? ಹೊರಗಿನವರು. ಕೆಲಸ ಬಿಡಿಸಿ ಕಳಿಸಿದ್ರು. ಮೂರು ತಿಂಗಳಿಗೆ ತೀರಿಕೊಂಡ್ರು ಪಾಪ. ಮೇಸ್ತ್ರಿಗಿರಿ ಅಣ್ಣನಿಗೆ ಬಂತು, ಮಂದಿರದ ಕೀಲಿನೂ. ನಾನೂ ಅವತ್ತು ಅಲ್ಲೇ ನಿಂತಿದ್ದೆ. ಎಲ್ಲಾ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ಹ್ಞಾಂ, ಆ ಸದ್ದು ಕೇಳಿದ ರಾತ್ರಿ ಅಣ್ಣ ಬೀಗ ತೆಗೆದ. ಒಳಗೆ ಯಾರೂ ಇಲ್ಲ. ಸದ್ದು ನಿಂತುಹೋಯ್ತು. ಆ ತಲೆಕೆಳಗಾದ ಕಂಬದ ಒಳಗಿಂದ ಪಿಸುಮಾತು...

"ಬುಡ ಎಲ್ಲೋ, ಮಗಾ?"

ಲಾಂದ್ರ ಎತ್ತಿ ನೋಡಿದ. ಮೇಲೆ, ತೊಲೆ ಹತ್ತಿರ, ಮೂರು ಗೆರೆ. ಮಸಿ ಇನ್ನೂ ಇಳೀತಿತ್ತು.

ಬೆಳಗಾಗೋದರೊಳಗೆ ಹತ್ತರಿ ಹೊಡೆದು ಗೆರೆ ತೆಗೆದ. ಮಾರನೇ ರಾತ್ರಿ ಮತ್ತೆ ಬಂತು. ಅವತ್ತಿಂದ ದಿನಾ ಇದೇ ಗೋಳು. ತಪ್ಪು ನನ್ನದು ಅಂತ ಒಂದು ಮಾತು ಹೇಳೋಕೆ ಏನು ರೋಗ? ಹೇಳಲ್ಲ. ಹತ್ತರಿ ಹೊಡೀತಾನೆ. ಕಂಬದ ಮೇಲ್ತುದಿ ಈಗ ನನ್ನ ತೋಳಿನಷ್ಟು ಸಣ್ಣ ಆಗಿದೆ, ಚಾವಣಿ ಭಾರ ಎಲ್ಲಾ ಅದರ ಮೇಲೆ. ಕೆಳಗೆ ಭಿಕ್ಷುಗಳು ಕೂತು ಧ್ಯಾನ ಮಾಡ್ತಾರೆ.

ನಂಬಲ್ವಾ? ಬಿಡು. ನಿನ್ನೆನೂ ಗೆರೆ ಹಸಿಯಾಗೇ ಇತ್ತು. ನನಗೆ ಹೇಗೆ ಗೊತ್ತು ಅಂತೀಯಾ... ದಿನಾ ಏಣಿ ಹಿಡಿಯೋನು ನಾನೇ.