ಎಣಿಸ್ಕೊಂಡು ಬರ್ತೀನಿ ಅಂದವಳು

"ನೀವು ಬ್ಯಾಗ್ ಕಾಯ್ಕೊಂಡು ಇಲ್ಲೇ ಬಿದ್ದಿರಿ. ಎಷ್ಟು ಟೊಳ್ಳಿವೆ ಅಂತ ನಾನು ಎಣಿಸ್ಕೊಂಡು ಬರ್ತೀನಿ."

ಗಂಡನಿಗೆ ಅವಳು ಹೇಳಿದ ಕೊನೇ ಮಾತು ಇದು. ಹೇಳಿದಳು, ಎದ್ದು ಹೋದಳು. ಬರಲಿಲ್ಲ.

ಇದು ನಮ್ಮ ಪಕ್ಕದ ಮನೆಯವನಿಗೆ ಆದದ್ದು. ಟೈಲ್ಸ್ ಹಾಕುವವನು. ಎಲ್ಲರೂ ಅವನನ್ನ ರಸಮಟ್ಟ ಅಂತಲೇ ಕರೀತಾರೆ. ನೆಲ ಮಟ್ಟ ಇದೆಯಾ ಅಂತ ನೋಡಲು ಗಾರೆಯವರು ಇಡ್ತಾರಲ್ಲ, ಒಳಗೆ ಗುಳ್ಳೆ ಇರೋ ಪಟ್ಟಿ... ಅದು. ಒಂದು ಕೂದಲೆಳೆ ಓರೆಯಾದರೂ ಅವನಿಗೆ ಅನ್ನ ಸೇರ್ತಿರಲಿಲ್ಲ. ಮಾತು ಕಡಿಮೆ. ಸಿಟ್ಟು ಜಾಸ್ತಿ.

ಹೆಂಡತಿಯದೂ ಅದೇ ಕೆಲಸ. ಅವನು ಇವತ್ತು ಹಾಕಿದ ನೆಲವನ್ನ ಅವಳು ನಾಳೆ ತಟ್ಟುತ್ತಿದ್ದಳು. ಸ್ಟೀಲ್ ಚಮಚ ತಿರುಗಿಸಿ ಹಿಡಿದು, ಬಗ್ಗಿಕೊಂಡು, ಒಂದೊಂದೇ ಟೈಲ್ಸ್ ತಟ್ಟುತ್ತಾ ಹೋಗೋದು. ಕೆಳಗೆ ಸಿಮೆಂಟ್ ತುಂಬಿದ್ದರೆ ಟಿಣ್. ತುಂಬದಿದ್ದರೆ ಡಬ್. ಡಬ್ ಅಂದದ್ದರ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿ ಗುರುತು. ಸಂಜೆ ಅವನು ಕೇಳ್ತಿದ್ದ, "ಎಷ್ಟು?" ಅವಳು ಲೆಕ್ಕ ಹೇಳ್ತಿದ್ದಳು. ಅವನು "ಸುಳ್ಳು" ಅನ್ನುತ್ತಿದ್ದ. ಕಿತ್ತು ನೋಡಿದರೆ ಅವಳು ಹೇಳಿದ್ದೇ ಸರಿ. ಇಪ್ಪತ್ತಾರು ವರ್ಷ ಹೀಗೇ ನಡೀತು.

ಹೋದ ವರ್ಷ ಮಗಳ ಊರಿಗೆ ಹೊರಟಿದ್ದರು. ವಿಮಾನ ಅವರಿಬ್ಬರಿಗೂ ಅದೇ ಮೊದಲು. ನಡುವೆ ಒಂದು ಏರ್‌ಪೋರ್ಟಿನಲ್ಲಿ ಇಳಿದು ಇನ್ನೊಂದು ವಿಮಾನಕ್ಕೆ ಹನ್ನೊಂದು ಗಂಟೆ ಕಾಯಬೇಕು. ಅವನು ಕುರ್ಚಿ ಹಿಡಿದು ಕೂತ. ಬ್ಯಾಗಿನ ಪಟ್ಟಿಯನ್ನ ಕಾಲಿಗೆ ಸುತ್ತಿಕೊಂಡ. ಅವಳಿಗೆ ಕೂರಲು ಆಗಲಿಲ್ಲ. ಇಷ್ಟು ಉದ್ದದ ನೆಲ ಅವಳು ಕಂಡಿದ್ದೇ ಇಲ್ಲ. ಬುತ್ತಿ ಡಬ್ಬಿಯ ಚಮಚ ತೆಗೆದಳು. ತಟ್ಟಿದಳು. ನಕ್ಕಳು.

"ರೀ, ಕೇಳಿ ಇಲ್ಲಿ. ಇಷ್ಟು ದೊಡ್ಡ ಏರ್‌ಪೋರ್ಟು, ನೆಲ ಟೊಳ್ಳು!"

"ಏಯ್, ಎದ್ದೇಳೇ ಮೇಲೆ. ಜನ ನೋಡ್ತಾರೆ."

"ನೋಡ್ಲಿ ಬಿಡಿ. ಹಾಕಿದವನಿಗೆ ನಾಚಿಕೆ ಆಗ್ಬೇಕು, ನನಗ್ಯಾಕೆ?"

"ಮಾನ ಮರ್ಯಾದೆ ಇದ್ಯಾ ನಿನಗೆ? ಗುಗ್ಗು ಥರ ನೆಲ ಕುಟ್ಕೊಂಡು..."

ಆಗ ಅವಳು ಆ ಮಾತು ಹೇಳಿದ್ದು. ಬಿದ್ದಿರಿ. ಎಣಿಸ್ಕೊಂಡು ಬರ್ತೀನಿ.

ಅವನು ಕೂತ. ಹಟ ಹಿಡಿದು ಕೂತ. ಅವಳೇ ಬರಲಿ ಅಂತ. ನಡುವೆ ಮೈಕಿನಲ್ಲಿ ಏನೋ ಕೂಗಿದರು. ಅವನಿಗೆ ತಿಳಿಯದ ಭಾಷೆ. ಮೂರು ಸಲ ಕೂಗಿದರು. "ಥತ್, ಯಾಕೆ ಹೀಗೆ ಬಾಯಿ ಬಡ್ಕೋತಾವೋ" ಅಂತ ಬೈದುಕೊಂಡು ಅವನು ಕಿವಿ ಮುಚ್ಚಿಕೊಂಡ.

ಅವಳು ಆ ಕಡೆ ಕುಡಿಯುವ ನೀರಿನ ನಲ್ಲಿಯ ಹತ್ತಿರ ಬಿದ್ದಿದ್ದಳು. ಎದೆ ಹಿಡಿದುಕೊಂಡಿತ್ತು. ಯಾರು, ಎಲ್ಲಿಯವಳು, ಯಾರ ಜೊತೆ ಬಂದವಳು... ಯಾರಿಗೂ ಗೊತ್ತಿಲ್ಲ. ಅವಳ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಪಾಸ್‌ಪೋರ್ಟು, ಟಿಕೆಟ್ಟು ಎಲ್ಲ ಗಂಡನ ಜೇಬಿನಲ್ಲಿ. 'ನೀನು ಕಳ್ಕೋತೀಯ, ಕೊಡಿಲ್ಲಿ' ಅಂತ ಅವನೇ ಕಿತ್ತಿಟ್ಟುಕೊಂಡಿದ್ದ. ಮೈಕಿನವರಿಗೆ ಕೂಗಲು ಹೆಸರೇ ಗೊತ್ತಿರಲಿಲ್ಲ. ಕಂದು ಶಾಲು ಹೊದ್ದ ಹೆಂಗಸು, ಜೊತೆಯವರು ಬನ್ನಿ... ಇಷ್ಟೇ ಕೂಗಿದ್ದು. ಎರಡು ಗಂಟೆ ಕಳೆದ ಮೇಲೆ ಅವನು ಬೈಯೋಣ ಅಂತ ಎದ್ದು ಹುಡುಕಿಕೊಂಡು ಹೋದ.

ಅಷ್ಟೊತ್ತಿಗೆ ಮುಗಿದಿತ್ತು.

ಅವಳ ಸಾಮಾನು ಒಂದು ಕವರಿನಲ್ಲಿ ಕೊಟ್ಟರು. ಶಾಲು, ಚಪ್ಪಲಿ, ಒಂದು ತುಂಡು ಸೀಮೆಸುಣ್ಣ. ಚಮಚ ಇರಲಿಲ್ಲ.

ಒಂದು ವರ್ಷ ಅವನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಅವನನ್ನ ಕೊರೀತಿದ್ದದ್ದು ಒಂದೇ. ಬೀಳುವಾಗ ಅವಳು ತನ್ನನ್ನ ಕೂಗಿದಳಾ? ಕೂಗಿದ್ದರೆ ತನಗೆ ಕೇಳಲಿಲ್ಲವಾ... ಅಥವಾ ಕೇಳಿಯೂ ಕೂತಿದ್ದೆನಾ? ಅವತ್ತು ಬೇಕಂತಲೇ ಕಿವಿ ಮುಚ್ಚಿಕೊಂಡಿದ್ದ ಮನುಷ್ಯ. ಯಾರನ್ನ ಕೇಳೋದು?

ಈ ವರ್ಷ ಮಗಳು ಮತ್ತೆ ಕರೆದಳು. ಅಳಿಯ ಟಿಕೆಟ್ ಮಾಡಿಸಿದ. ಅದೇ ದಾರಿ. ಅದೇ ಏರ್‌ಪೋರ್ಟು. ಹನ್ನೊಂದು ಗಂಟೆ.

"ಬೇರೆ ದಾರಿ ಇರ್ಲಿಲ್ವಾ ನಿಂಗೆ?" ಅಂತ ಇವನು ಫೋನಿನಲ್ಲೇ ಹಾರಾಡಿದ.

"ಇಲ್ಲ ಮಾವ, ಆ ತಾರೀಖಿಗೆ ಇದೊಂದೇ. ನೀವು ಬೇಜಾರು ಮಾಡ್ಕೋಬೇಡಿ. ಹನ್ನೊಂದು ಗಂಟೆ ಸುಮ್ನೆ ಹಾಳು ಮಾಡ್ಬೇಡಿ, ಚೆನ್ನಾಗಿ ಕಳೀರಿ. ಸ್ನಾನಕ್ಕೆ ಜಾಗ ಇದೆ, ಕಾಲು ಒತ್ತೋ ಕುರ್ಚಿ ಇದೆ, ಸಿನಿಮಾನೂ ಇದೆ. ಪಟ್ಟಿ ಬರೆದು ಕಳಿಸಿದೀನಿ."

ಅಳಿಯ ಒಳ್ಳೆಯವನೇ. ಆದರೂ ಆ ಪಟ್ಟಿ ಕಂಡರೆ ಇವನ ಮೈ ಉರಿಯಿತು. ಹೆಂಡತಿ ಸತ್ತ ಜಾಗದಲ್ಲಿ ಕಾಲು ಒತ್ತಿಸಿಕೋಬೇಕಂತೆ.

ರಾತ್ರಿ ಎಂಟಕ್ಕೆ ಇಳಿದ. ಉದ್ದನೆಯ ಓಣಿ. ಜೊತೆಗೆ ಇಳಿದವರು ದಡದಡ ಮುಂದೆ ಹೋದರು. ಇವನು ಹಿಂದೆ ಬಿದ್ದ. ದೆವ್ವ ಕೂರೋಕೆ ಅಲ್ಲಿ ಬಾವಿ ಇಲ್ಲ, ಆಲದ ಮರ ಇಲ್ಲ. ಒಂದು ಪ್ಲಾಸ್ಟಿಕ್ ಮರ ಇದೆ. ಅದರ ಕೆಳಗೆ ನೀರಿನ ನಲ್ಲಿ. ದಾಟಬೇಕಾದರೆ ಅದರ ಪಕ್ಕದಲ್ಲೇ ದಾಟಬೇಕು. ಗಾಳಿ ಇಲ್ಲ. ಆದರೂ ಎಲೆಗಳು ಚರ್... ಚರ್... ಅಂದವು. ಇವನು ತಲೆ ಎತ್ತಲಿಲ್ಲ. ನೆಲ ನೋಡಿಕೊಂಡೇ ದಾಟಿದ.

ಅದೇ ಸಾಲು. ಕೊನೆಯಿಂದ ಮೂರನೇ ಕುರ್ಚಿ. ಕೈಯಿಡೋ ಜಾಗದಲ್ಲಿ ಕಪ್ಪು ಟೇಪು ಸುತ್ತಿದ್ದು ಹಾಗೇ ಇತ್ತು. ಕೂತ. ಬ್ಯಾಗಿನ ಪಟ್ಟಿಯನ್ನ ಬಲಗಾಲಿಗೆ ಎರಡು ಸುತ್ತು ಸುತ್ತಿದ. ಕಾಲನ್ನ ಒಂದು ಟೈಲ್ಸ್ ಮೇಲೆ ಊರಿದ.

"ಈಗ ಎದ್ದೇಳು ಅನ್ನು, ನೋಡೋಣ" ಅಂದ. ಯಾರಿಗೆ ಅಂದ ಅಂತ ಅವನಿಗೇ ಗೊತ್ತು.

ಹನ್ನೊಂದರ ಹೊತ್ತಿಗೆ ನೆಲ ಉಜ್ಜುವ ಮಷಿನ್ ಗುಂಯ್... ಅಂತ ಬಂತು. ತಳ್ಳುತ್ತಿದ್ದದ್ದು ಒಬ್ಬಳು ವಯಸ್ಸಾದ ಹೆಂಗಸು. ಬ್ಯಾಗಿನ ಮೇಲೆ ಬರೆದ ಕನ್ನಡ ಅಕ್ಷರ ನೋಡಿದಳು. ಮಷಿನ್ ನಿಲ್ಲಿಸಿದಳು.

"ನಮ್ಮ ಮಾತಿನವರಾ ಅಣ್ಣ? ಆ ಕಡೆ ಹೋಗಿ ಮಲ್ಕೊಳ್ಳಿ. ಅಲ್ಲಿ ಉದ್ದ ಕುರ್ಚಿ ಇದೆ."

"ಇಲ್ಲೇ ಇರ್ತೀನಿ."

"ಇಲ್ಲಿ ಬೇಡ." ದನಿ ಇಳಿಸಿದಳು. "ಆ ಮರದಿಂದ ಇಲ್ಲಿಗಂಟ ರಾತ್ರಿ ನಾನು ಮಷಿನ್ ಓಡ್ಸಲ್ಲ."

"ಯಾಕೆ?"

"ಸಪ್ಪಳ."

"ಎಂಥ ಸಪ್ಪಳ?"

ಅವಳು ಅತ್ತ ಇತ್ತ ನೋಡಿದಳು. "ಅದು ಬಿಡಿ. ಬೆಳಿಗ್ಗೆ ನೋಡಿದ್ರೆ ನೆಲದ ಮೇಲೆ ಸೀಮೆಸುಣ್ಣದ ಗುರುತು. ದಿನಾ ಒರೆಸ್ತೀನಿ, ಮಾರನೇ ದಿನ ಮತ್ತೆ ಇರುತ್ತೆ. ಸೂಪರ್‌ವೈಸರ್ ನನ್ನ ಮೇಲೆ ಹಾರ್ತಾನೆ. ಯಾವಳು ಗೀಚ್ತಾಳೋ, ಅವಳ ಕೈ ಸೇದೋಗ!"

"ಬಾಯ್ಮುಚ್ಚು!" ಅಂದ ಇವನು.

ಅವಳು ಬೆಚ್ಚಿದಳು. ಇವನು ಮೆಲ್ಲಗೆ ಕೇಳಿದ.

"ಎಷ್ಟು ಗುರುತು ತಾಯಿ?"

"ನಲವತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ದಿನಾ ಅದೇ ಟೈಲ್ಸು. ನಾನೇನು ಹುಚ್ಚಿಯಾ ಎಣಿಸೋಕೆ? ಒರೆಸೀ ಒರೆಸೀ ಬಾಯಿಪಾಠ ಆಗಿದೆ."

ಮಷಿನ್ ತಿರುಗಿಸಿಕೊಂಡು ಹೋದಳು. ಗುಂಯ್... ದೂರ ಆಯಿತು. ನಿಂತಿತು.

ಒಂದು ಗಂಟೆ. ಎರಡು ಗಂಟೆ. ಅಂಗಡಿಗಳ ಬಾಗಿಲು ಬಿದ್ದಿದ್ದವು. ಅರ್ಧ ದೀಪ ಆರಿಸಿದ್ದರು. ತಂಪು ಪಾನೀಯದ ಪೆಟ್ಟಿಗೆ ಒಂದೇ ಗುರ್ರ್ ಅಂತಿತ್ತು. ಅದೂ ಒಂದು ಸಲ ಕಟಕ್ ಅಂದು ಸುಮ್ಮನಾಯಿತು.

ಆಗ...

ಟಿಣ್.

ದೂರದಲ್ಲಿ. ಮರದ ಕಡೆ.

ಟಿಣ್... ಟಿಣ್... ಡಬ್.

ಆಮೇಲೆ ಸರ್... ಸರ್... ಎರಡು ಗೆರೆ.

ಇವನ ಬೆನ್ನು ನೆಟ್ಟಗಾಯಿತು. ಆ ಕೈ ಇವನಿಗೆ ಗೊತ್ತು. ಮೊದಲ ಗೆರೆ ಉದ್ದ, ಎರಡನೆಯದು ಗಿಡ್ಡ. ಇಪ್ಪತ್ತಾರು ವರ್ಷ ಕೇಳಿದ ಸದ್ದು. ನಿದ್ದೆಗಣ್ಣಲ್ಲಿ ಕೇಳಿದರೂ ಗುರುತು ಹಿಡೀತಾನೆ.

ಟಿಣ್... ಡಬ್. ಸರ್... ಸರ್...

ಹತ್ತಿರ ಬರುತ್ತಿತ್ತು. ಓಣಿಯಲ್ಲಿ ಒಂದು ನೆರಳೂ ಇಲ್ಲ. ಹೊಳೆಯೋ ನೆಲ. ಅದರ ಮೇಲೆ ಬಿಳಿ ಗುರುತು ಒಂದೊಂದಾಗಿ ಏಳುತ್ತಿತ್ತು. ಬರೆಯೋ ಕೈ ಮಾತ್ರ ಇಲ್ಲ.

ಇವನಿಗೆ ಹೆದರಿಕೆ ಆಗಬೇಕಿತ್ತು. ಸಿಟ್ಟು ಬಂತು. ಒಂದು ವರ್ಷ ಕಟ್ಟಿಟ್ಟುಕೊಂಡ ಸಿಟ್ಟು.

"ಸಾಕು ಮಾಡೇ" ಅಂದ, ಹಲ್ಲು ಕಚ್ಚಿ. "ವರ್ಷ ಆಯ್ತು. ಇನ್ನೂ ಮುಗೀಲಿಲ್ವಾ ನಿನ್ನ ಎಣಿಕೆ?"

ಸದ್ದು ನಿಂತಿತು. ಮತ್ತೆ ಶುರುವಾಯಿತು. ಟಿಣ್... ಟಿಣ್... ಟಿಣ್... ನೆಟ್ಟಗೆ ಇವನ ಕಡೆಗೆ. ಇವನ ಪಾದದ ಹತ್ತಿರ ಬಂತು.

ಡಬ್.

ಇವನ ಕಾಲ ಕೆಳಗೇ. ಅಂಗಾಲಿಗೆ ಅದುರು ತಾಗಿತು.

ಪಕ್ಕದ ಕುರ್ಚಿ ಕಿರ್ ಅಂತು. ಯಾರೋ ಕೂತ ಹಾಗೆ. ಒದ್ದೆ ಸಿಮೆಂಟಿನ ವಾಸನೆ ಬಂತು. ಇವನು ತಿರುಗಿ ನೋಡಲಿಲ್ಲ. ಕುತ್ತಿಗೆ ತಿರುಗಲಿಲ್ಲ.

"ಒಂದು ಮಾತು ಹೇಳು" ಅಂದ. "ಬೀಳುವಾಗ ನನ್ನ ಕೂಗಿದ್ಯಾ?"

"ಕೂಗಿದೆ."

ಪಿಸುಮಾತು. ಕಿವಿಯ ಪಕ್ಕದಲ್ಲೇ. ಮೆತ್ತಗಿರಲಿಲ್ಲ. ಕೋಪದ ಪಿಸುಮಾತು.

"ಕೂತೇ ಇದ್ರಿ."

"ಕೂತಿರಿ ಅಂದವಳು ನೀನೇ!" ಇವನ ದನಿ ಒಡೆಯಿತು. "ನೀನೇ ಅಲ್ವಾ ಹೇಳಿ ಹೋಗಿದ್ದು... ಬಿದ್ದಿರಿ ಅಂತ..."

"ಯಾವತ್ತು ಕೇಳಿದ್ರಿ ನನ್ನ ಮಾತು? ಅವತ್ತೊಂದು ದಿನ ಕೇಳ್ಬೇಕಿತ್ತಾ?"

ಇವನ ಕೈ ತಾನಾಗಿಯೇ ಎದೆಯ ಜೇಬಿನ ಮೇಲೆ ಹೋಯಿತು.

"ನನ್ನ ಪಾಸ್‌ಪೋರ್ಟ್ ಕೊಡಿ."

ಇವನ ಅಂಗಿ ಜೇಬಿನಲ್ಲಿತ್ತು. ತನ್ನದರ ಜೊತೆ ಅವಳದೂ. ಸತ್ತವಳದು ಅಂತ ಪಾಸ್‌ಪೋರ್ಟ್ ಆಫೀಸಿನವರು ಮೂಲೆ ಕತ್ತರಿಸಿ ಕೊಟ್ಟದ್ದು. ಒಂದು ವರ್ಷದಿಂದ ಅಂಗಿ ಬದಲಾದರೂ ಅದು ಜೇಬು ಬಿಟ್ಟಿರಲಿಲ್ಲ. ತೆಗೆದ. ನೋಡದೆಯೇ ಪಕ್ಕದ ಕುರ್ಚಿಯ ಮೇಲೆ ಇಟ್ಟ.

"ತಗೋ. ನಿನ್ನದು ನೀನೇ ಇಟ್ಕೋ. ಆವತ್ತೇ ಕೊಡ್ಬೇಕಿತ್ತು."

ಕಿರ್. ಕುರ್ಚಿ ಹಗುರಾಯಿತು.

ಟಿಣ್... ಟಿಣ್... ಟಿಣ್... ಈ ಸಲ ಮರದ ಕಡೆ ಅಲ್ಲ. ವಿಮಾನ ನಿಲ್ಲೋ ಬಾಗಿಲ ಕಡೆ. ಒಂದೂ ಡಬ್ ಇಲ್ಲ. ಸಣ್ಣದಾಯಿತು... ಇನ್ನೂ ಸಣ್ಣದಾಯಿತು... ಪೆಟ್ಟಿಗೆ ಕಟಕ್ ಅಂತು. ಗುರ್ರ್ ಅನ್ನಲು ಶುರು ಮಾಡಿತು.

ಇವನು ಬೆಳಗಿನವರೆಗೂ ಹಾಗೇ ಕೂತಿದ್ದ. ಅತ್ತನಾ? ಅದನ್ನ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಳಕಾಯಿತು. ಪಕ್ಕದ ಕುರ್ಚಿಯ ಮೇಲೆ ಪಾಸ್‌ಪೋರ್ಟ್ ಇರಲಿಲ್ಲ. ಕೆಳಗೆ ಬಿದ್ದಿದೆಯಾ ಅಂತ ನೋಡಿದ. ಅಲ್ಲೂ ಇರಲಿಲ್ಲ. ಜನ ತುಂಬಿಕೊಂಡರು. ಸೂಟುಬೂಟಿನವರು, ಮಕ್ಕಳು, ಮರಿ. ಇವನು ಕಾಲಿನ ಪಟ್ಟಿ ಬಿಚ್ಚಿದ. ಮರದ ಹತ್ತಿರ ನಡೆದ. ಜೇಬಿನಿಂದ ಮನೆ ಬೀಗದ ಕೈ ತೆಗೆದ. ಅಷ್ಟು ಜನರ ಎದುರಿಗೆ ನೀರಿನ ನಲ್ಲಿಯ ಬುಡದಲ್ಲಿ ಮಂಡಿಯೂರಿದ. ತಟ್ಟಿದ.

ಡಬ್. ಒಂದು.

ಮಂಡಿಯ ಮೇಲೇ ಮುಂದೆ ಸರಿದ. ಗುರುತು ಇದ್ದಲ್ಲೆಲ್ಲ ತಟ್ಟಿದ. ಒಂದೂ ಸುಳ್ಳಲ್ಲ. ಜನ ದಾರಿ ಬಿಟ್ಟರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ. ಸೂಪರ್‌ವೈಸರ್ ಓಡಿ ಬಂದ, ಏನೋ ಗದರಿದ. ಇವನು ತಲೆ ಎತ್ತಿ ಒಂದು ಸಲ ನೋಡಿದ. ಆ ಕಣ್ಣು ಕಂಡು ಅವನು ಹಿಂದೆ ಸರಿದ.

ಮೈಕಿನಲ್ಲಿ ಕೂಗಿದರು. ಈ ಸಲ ಹೆಸರು ಹಿಡಿದು ಕೂಗಿದರು. ಇವನದೇ ಹೆಸರು. ವಿಮಾನ ಹೊರಡುತ್ತೆ ಬಾ ಅಂತ. ಎರಡನೇ ಸಲ ಕೂಗಿದರು. ಮೂರನೇ ಸಲ ಕೂಗಿದರು.

ಮಷಿನಿನ ಹೆಂಗಸು ಓಡಿ ಬಂದಳು. "ಅಣ್ಣ, ನಿಮ್ಮನ್ನೇ ಕೂಗ್ತಿರೋದು! ಏಳಿ!"

"ಕೂಗ್ಲಿ" ಅಂದ ಇವನು. "ಕೂಗ್ತಾ ಇರ್ಲಿ. ನನಗೆ ಕೂಗೋಕೆ ಹೆಸರಾದ್ರೂ ಇದೆ. ಎಣಿಕೆ ಮುಗಿಸಿ ಏಳ್ತೀನಿ."

ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು. ನಲವತ್ತನೆಯದು ಕುರ್ಚಿಗೆ ಎಂಟು ಟೈಲ್ಸ್ ಈಚೆಗಿತ್ತು. ಆ ಹೆಂಗಸು "ಮುಗೀತಲ್ಲ" ಅಂದಳು. ಇವನು ಕೈ ತೋರಿಸಿದ.

ಇವನು ಕೂತಿದ್ದ ಕುರ್ಚಿಯ ಮುಂದೆ, ರಾತ್ರಿಯಿಡೀ ಬಲಗಾಲು ಊರಿದ್ದ ಟೈಲ್ಸ್ ಮೇಲೆ, ಇನ್ನೊಂದು ಕತ್ತರಿ ಗುರುತು. ಮೊದಲ ಗೆರೆ ಉದ್ದ, ಎರಡನೆಯದು ಗಿಡ್ಡ.

ತಟ್ಟಿದ. ಡಬ್.

"ನಲವತ್ತೊಂದು" ಅಂದ. ಎದ್ದು ಬ್ಯಾಗ್ ಹೆಗಲಿಗೇರಿಸಿದ. ಬಾಗಿಲಲ್ಲಿ ಬೈಸಿಕೊಂಡು ಕೊನೆಯವನಾಗಿ ವಿಮಾನ ಹತ್ತಿದ.

ನೀವು ಏನಾದರೂ ಅಂದುಕೊಳ್ಳಿ. ಬ್ಯಾಗಿನ ಪಟ್ಟಿ ಸುತ್ತಿದ ಆ ಕಾಲು ರಾತ್ರಿ ಆ ಟೈಲ್ಸ್ ಬಿಟ್ಟು ಕದಲಿರಲಿಲ್ಲ. ಅದರಡಿಯ ಗುರುತು ಮಾತ್ರ ಒಂದಿಷ್ಟೂ ಕದಡಿರಲಿಲ್ಲ. ಅವತ್ತಿನಿಂದ ಕವರಿನಲ್ಲಿ ಸುತ್ತಿಟ್ಟಿದ್ದ ತನ್ನ ಬಲಗಾಲ ಚಪ್ಪಲಿಯನ್ನ ವಾಪಸು ಬಂದ ದಿನ ನನ್ನ ಕೈಗೇ ಕೊಟ್ಟ. ತಿರುಗಿಸಿ ನೋಡಿದೆ, ದೀಪದ ಕೆಳಗೆ. ಅಡಿಯಲ್ಲಿ ಒಂದು ಚೂರೂ ಸೀಮೆಸುಣ್ಣ ಹತ್ತಿರಲಿಲ್ಲ.