ಪೋಸ್ಟ್‌ಮ್ಯಾನ್ ಪಾತ್ರದ ಒಂದು ಮಾತು

ಹಳೆಯ ವಿಡಿಯೋ ಟೇಪನ್ನು ಪೆನ್‌ಡ್ರೈವಿಗೆ ಹಾಕಿಕೊಡಲು ಮುನ್ನೂರು, ಬೂಷ್ಟು ಹಿಡಿದಿದ್ದರೆ ಐನೂರು ಎಂದು ಅಂಗಡಿಯ ಗೋಡೆಯ ಮೇಲೆ ಬರೆದಿತ್ತು. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ಟೇಪು ಕೊಟ್ಟರು. ಅದರ ಮೇಲಿನ ಹೆಸರು ನೋಡಿ ಅಂಗಡಿಯಾತನಿಗೆ ಗುರುತು ಸಿಕ್ಕಿತು. ತೀರಿಕೊಂಡ ಪೋಷಕ ನಟರೊಬ್ಬರ ಹೆಂಡತಿ ಅವರು.

“ಅಮ್ಮಾ, ಯಜಮಾನರ ಜಡ್ಜ್ ಪಾತ್ರ ಮರೆಯೋ ಹಾಗೇ ಇಲ್ಲ. ಏನು ಕಂಚಿನ ಕಂಠ!”

“ಆ ಕಂಚು ಬಾಡಿಗೇದು ಕಣಪ್ಪ. ನಮ್ಮನೆಯವರದು ಕೀರಲು ದನಿ. ಎಲ್ಲಾ ಸಿನಿಮಾದಲ್ಲೂ ಬೇರೆಯವರ ಕೈಲಿ ಮಾತಾಡಿಸ್ತಿದ್ರು.”

“ಆ ಕುಡುಕ ಮಾವನ ಪಾತ್ರ?”

“ಅದೂ ಅಷ್ಟೇ. ಈ ಟೇಪಲ್ಲಿರೋ ಸೀರಿಯಲ್‌ನಲ್ಲಿ ಮಾತ್ರ ಪೋಸ್ಟ್‌ಮ್ಯಾನು, ಒಂದೇ ಮಾತು. ಸೀರಿಯಲ್‌ನೋರ ಹತ್ರ ಡಬ್ಬಿಂಗ್‌ಗೆ ದುಡ್ಡಿರಲಿಲ್ಲ, ಇವರ ದನೀನೇ ಇಟ್ಕೊಂಡ್ರು.”

ಟೇಪು ಓಡಿತು. ಪರದೆಯ ತುಂಬ ಬರೀ ಗೆರೆ.

“ಮುಖಾನೇ ಕಾಣಲ್ಲ, ಅಮ್ಮಾ.”

“ಮುಖ ಎಲ್ಲಾ ಸಿನಿಮಾದಲ್ಲೂ ಇದೆ. ಸೌಂಡ್ ಜಾಸ್ತಿ ಮಾಡು.”

“ಯಾರಿದೀರಿ ಒಳಗೆ? ಬಾಗಿಲು ತೆಗೀರಿ,” ಎಂದಿತು ಗೆರೆಗಳ ಹಿಂದಿನ ಕೀರಲು ದನಿ.

“ಬಂದೆ, ಇರಿ,” ಎಂದುಬಿಟ್ಟರು ಆಕೆ.

ಅಂಗಡಿಯಾತ ತಲೆ ತಗ್ಗಿಸಿದ. “ಇನ್ನೊಂದ್ಸಲ ಹಾಕ್ಲಾ?”

“ಹಾಕಪ್ಪ.”

ಮೂರು ಸಲ ಕೇಳಿ, ಐನೂರು ಕೊಟ್ಟು ಅವರು ಹೊರಟರು. ಚಿತ್ರ ಹೋಗಿತ್ತು, ದನಿ ಸಿಕ್ಕಿತು.