ಬೇಡ ಅಂತ ಎತ್ತಿದ ಕೈ

ದೋಣಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರಿದ್ದರು. ಒಬ್ಬಾಕೆ ದರ್ಜಿ, ಇನ್ನೊಬ್ಬಾಕೆ ಪುರಸಭೆ ಅಧ್ಯಕ್ಷೆಯ ತಾಯಿ. ದರ್ಜಿಗೆ ಸಿಟ್ಟು ಬಂದಿತ್ತು.

"ಸೇತುವೆಗೆ ಓಟು ಸಮಸಮ ಬಿತ್ತಂತೆ. ನಿನ್ನ ಮಗಳು ಕೈ ಎತ್ತಿದ್ದಿದ್ರೆ ನಾವಿಲ್ಲಿ ಒಣಗ್ತಿರಲಿಲ್ಲ."

"ಎತ್ತಿದಳಲ್ಲ, ಬೇಡ ಅಂತ."

"ಸೇತುವೆ ಕಟ್ಟಿಸ್ತೀನಿ ಅಂತಾನೇ ಗೆದ್ದವಳು!"

"ಓಟು ಸಮ ಬಿದ್ರೆ ಅಧ್ಯಕ್ಷರು ಇದ್ದದ್ದನ್ನೇ ಉಳಿಸ್ಬೇಕು, ಹೊಸದಕ್ಕೆ ಸಭೆನೇ ಒಪ್ಪಬೇಕು ಅಂತ ಪುರಸಭೆ ನಿಯಮದಲ್ಲಿದೆಯಂತೆ."

"ನಿಯಮ ಹಿಡ್ಕೊಂಡು ಹೊಳೆ ದಾಟೋಕಾಗುತ್ತೇನೇ?"

"ನಾನೂ ಹಾಗೇ ಬೈದೆ. 'ಇವತ್ತು ಸೇತುವೆಗೆ ಅಂತ ನಾನು ನಿಯಮ ಮುರಿದ್ರೆ, ನಾಳೆ ಈ ಕುರ್ಚಿಗೆ ಬಂದವನು ಆಸ್ಪತ್ರೆ ಮಾರೋಕೆ ಮುರೀತಾನಮ್ಮ' ಅಂದಳು."

"ಹಾಗಾದ್ರೆ ಸೇತುವೆ ಗತಿ?"

"ಸಭೇಲಿ ಬೇಡ ಅಂದ ಸದಸ್ಯ, ಆ ಮೀನು ವ್ಯಾಪಾರಿ ಮನೇಲಿ ದಿನಾ ಹೋಗಿ ಕೂರ್ತಾಳೆ. ಸೇತುವೆ ಕಂಬಕ್ಕೆ ಅವನ ಅಂಗಡಿ ಹೋಗುತ್ತಲ್ಲ, ಅದಕ್ಕೇ ಅವನ ಹಟ. ಕಂಬನ ಆಚೆ ಸರಿಸ್ತೀನಿ ಅಂದಿದಾಳೆ."

"ಒಪ್ಪಿದನಾ?"

"ಮೊದಲು ಬಾಗಿಲೇ ತೆಗೀತಿರಲಿಲ್ಲ. ನಿನ್ನೆ ಕಾಫಿ ಕೊಟ್ಟು, ನಕ್ಷೆ ತಾ ಅಂದನಂತೆ."

ದೋಣಿ ಬಂತು. ದರ್ಜಿ ಹತ್ತಿ ಕೈ ಚಾಚಿದಳು.

"ಬಾರೇ, ಹಟಮಾರಿನ ಹೆತ್ತವಳೇ."

"ಮುಂದಿನ ಜಾಗ ನನಗೆ ಬಿಡು. ನನ್ನ ಮಗಳು ತನ್ನ ವಿರುದ್ಧ ತಾನೇ ಓಟು ಹಾಕಿ ಉಳಿಸಿದ ದೋಣಿ ಇದು."